ರೈಲ್ವೆಯನ್ನು ಅಳೆಯುವ ಕೋಲು ಯಾರದು?

ಗಿರಣಿ ಹೇಗೆ ನಡೆಯುತ್ತಿದೆ ಎಂದು ಮಾಲೀಕನನ್ನು ಕೇಳಿದರೆ ಅವನು ಲಾಭ-ನಷ್ಟದ ಪುಸ್ತಕ ತೆರೆಯುತ್ತಾನೆ. ಮಗ್ಗದ ಮುಂದೆ ನಿಂತವನನ್ನು ಕೇಳಿದರೆ ಯಂತ್ರದ ಸ್ಥಿತಿ, ಪಾಳಿಯ ಉದ್ದ, ಕೈಗೆ ಬಂದ ಪಗಾರದ ಮಾತು ಹೇಳುತ್ತಾನೆ. ಗಿರಣಿ ಒಂದೇ, ಅಳೆಯುವ ಕೋಲು ಬೇರೆ. ದೇಶದ ರೈಲ್ವೆಗೆ ಪ್ರಜೆಗಳೇ ಒಡೆಯರೆಂದು ಹೇಳುತ್ತಾರೆ. ಆದರೆ ಅದರ ದಕ್ಷತೆಯನ್ನು ಅಳೆಯಲು ಸರ್ಕಾರದವರು ಮುಂದೆ ಹಿಡಿಯುವುದು ಗಿರಣಿ ಮಾಲೀಕನ ಕೋಲನ್ನು.

ಆ ಕೋಲಿಗೆ ‘ಕಾರ್ಯಾಚರಣೆ ಅನುಪಾತ’ ಎಂದು ಹೆಸರು. ನೂರು ರೂಪಾಯಿ ಗಳಿಸಲು ರೈಲ್ವೆ ಎಷ್ಟು ಖರ್ಚು ಮಾಡಿತೆಂಬ ಲೆಕ್ಕವಿದು. 2021-22ರಲ್ಲಿ ಅದು 107 ರೂಪಾಯಿ 39 ಪೈಸೆ. ಮರುವರ್ಷ 98 ರೂಪಾಯಿ 10 ಪೈಸೆ. ಅಂಕಿ ಇಳಿದರೆ ದಕ್ಷತೆ ಏರಿತೆಂದು ಅರ್ಥ. ಈ ಅಂಕಿಯನ್ನು ಎಷ್ಟು ನಂಬಬಹುದು? 2017-18ರಲ್ಲಿ 98.44 ಎಂದು ತೋರಿಸಿದ್ದರು. ಎನ್‌ಟಿಪಿಸಿ ಮತ್ತು ಇರ್ಕಾನ್ ಎಂಬ ಎರಡು ಸರ್ಕಾರಿ ಸಂಸ್ಥೆಗಳಿಂದ ಪಡೆದ ಮುಂಗಡ ಹಣವನ್ನು ಬಿಟ್ಟರೆ ಅದು 102.66 ಆಗುತ್ತಿತ್ತೆಂದು ಮಹಾಲೇಖಪಾಲರೇ ವರದಿ ಮಾಡಿದರು. ಮುಂದಿನ ವರ್ಷದ ಸರಕಿಗೆ ಈಗಲೇ ಹಣ ಪಡೆದು, ಈ ವರ್ಷ ಲಾಭವಾಯಿತೆಂದು ಹೇಳುವ ಅಂಗಡಿಯವನನ್ನು ನಮ್ಮ ಪೇಟೆಯಲ್ಲಿ ಯಾರೂ ಜಾಣನೆನ್ನುವುದಿಲ್ಲ.

ಇನ್ನೊಂದು ಮರ್ಮವಿದೆ. ಸವೆದ ಹಳಿ, ಹಳೆಯ ಗಾಡಿಗಳನ್ನು ಬದಲಿಸಲು ಪ್ರತಿವರ್ಷ ಸವಕಳಿ ನಿಧಿಗೆ ಹಣ ತೆಗೆದಿಡಬೇಕು. ತೆಗೆದಿಡುವುದು ಕಡಿಮೆಯಾದಷ್ಟೂ ಅನುಪಾತ ಚೆನ್ನಾಗಿ ಕಾಣುತ್ತದೆ. ಅಂದರೆ ನಾಳೆಯ ಅಪಾಯವನ್ನು ಇಂದಿನ ದಕ್ಷತೆಯೆಂದು ಬರೆದುಕೊಳ್ಳಬಹುದು!

ಈ ಬಗೆಯ ಲೆಕ್ಕ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಬ್ರಿಟನ್ನಿನ ಅನುಭವ ಸಾಕು. ಅಲ್ಲಿ 1948ರಲ್ಲಿ ರೈಲ್ವೆ ರಾಷ್ಟ್ರೀಕರಣವಾಯಿತು. ನಷ್ಟ ಹೆಚ್ಚಿದಾಗ ರಾಸಾಯನಿಕ ಕಂಪನಿಯಿಂದ ಬಂದ ಡಾಕ್ಟರ್ ಬೀಚಿಂಗ್ 1963ರಲ್ಲಿ ವರದಿ ಕೊಟ್ಟರು. ಆದಾಯ ತಾರದ ಎರಡು ಸಾವಿರಕ್ಕೂ ಹೆಚ್ಚು ಸ್ಟೇಷನ್‌ಗಳನ್ನೂ ಸುಮಾರು 8,000 ಕಿಲೋಮೀಟರ್ ಹಾದಿಯನ್ನೂ ಮುಚ್ಚಬೇಕೆಂಬುದು ಅವರ ಸಲಹೆ. 1964ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಪಕ್ಷವೂ ಆ ಕತ್ತರಿಯನ್ನು ಕೆಳಗಿಡಲಿಲ್ಲವೆಂಬುದನ್ನು ಸಮಾಜವಾದಿಗಳಾದ ನಾವು ನಾಚಿಕೆಯಿಂದಲೇ ಹೇಳಬೇಕು. ಹಾದಿಗಳು ಮುಚ್ಚಿದವು, ನಷ್ಟ ಮಾತ್ರ ಹೋಗಲಿಲ್ಲ. ಕವಲು ಹಾದಿ ಹೋದಮೇಲೆ ಹಳ್ಳಿಯವರು ಮುಖ್ಯ ಹಾದಿಯ ಸ್ಟೇಷನ್ನಿಗೂ ಬರಲಿಲ್ಲ. ಮನೆಯಿಂದಲೇ ಮೋಟಾರು ಹಿಡಿದರು. ಕಡೆಗೆ 1968ರ ಸಾರಿಗೆ ಶಾಸನದಲ್ಲಿ, ಲಾಭವಿಲ್ಲದಿದ್ದರೂ ಸಮಾಜಕ್ಕೆ ಬೇಕಾದ ಹಾದಿಗೆ ಸರ್ಕಾರವೇ ಹಣ ಕೊಡಬೇಕೆಂದು ಒಪ್ಪಿದರು. 1969ರಲ್ಲಿ ಮುಚ್ಚಿದ ಎಡಿನ್‌ಬರೋ ದಕ್ಷಿಣದ ಹಾದಿಯ ಒಂದು ಭಾಗವನ್ನು 2015ರಲ್ಲಿ ಮತ್ತೆ ಹಾಕಿ ತೆರೆಯಬೇಕಾಯಿತು.

ನಮ್ಮಲ್ಲಿ ಕತ್ತರಿ ಬಿದ್ದದ್ದು ಸಣ್ಣ ವ್ಯಾಪಾರಿಯ ಮೇಲೆ. ಹಿಂದೆ ವ್ಯಾಗನ್ ತುಂಬದಷ್ಟು ಸರಕನ್ನೂ ಗೂಡ್ಸ್ ಷೆಡ್ಡಿನಲ್ಲಿ ಬುಕ್ ಮಾಡಬಹುದಿತ್ತು. ಇಂಥ ವ್ಯಾಗನ್‌ಗಳು ಯಾರ್ಡಿನಲ್ಲಿ ದಿನಗಟ್ಟಲೆ ನಿಲ್ಲುತ್ತವೆ, ದಕ್ಷತೆ ಕೆಡುತ್ತದೆ ಎಂದು 1980ರ ದಶಕದಲ್ಲಿ ಇಡೀ ಗಾಡಿ ತುಂಬಿಸುವವರಿಗೇ ಆದ್ಯತೆ ಕೊಟ್ಟರು. ವ್ಯಾಗನ್‌ಗಳು ಬೇಗ ತಿರುಗಿದವು, ಅಂಕಿ ಚೆಂದವಾಯಿತು. ಕಲ್ಲಿದ್ದಲು, ಅದಿರು, ಸಿಮೆಂಟಿನ ದೊಡ್ಡವರಿಗೆ ಅನುಕೂಲವಾಯಿತು. ಮೂಟೆ ಲೆಕ್ಕದ ವ್ಯಾಪಾರಿ ಲಾರಿ ಆಫೀಸಿನ ಬಾಗಿಲಿಗೆ ಹೋದ. 1951ರ ಸುಮಾರಿಗೆ ದೇಶದ ಸರಕು ಸಾಗಣೆಯಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ರೈಲಿನದಾಗಿತ್ತು. ಈಗ ನೂರಕ್ಕೆ 30ರ ಆಸುಪಾಸು. ವ್ಯಾಗನ್ ದಕ್ಷವಾಯಿತು, ರೈಲ್ವೆ ಸೊರಗಿತು.

ವೇಳೆ ಪಾಲನೆಯೊಂದನ್ನೇ ಅಳತೆ ಮಾಡಿಕೊಂಡರೂ ಕ್ಷೇಮವಿಲ್ಲ. ಜಪಾನಿನ ಅಮಗಸಾಕಿಯಲ್ಲಿ 2005ರ ಏಪ್ರಿಲ್ 25ರಂದು, ಸುಮಾರು ಒಂದೂವರೆ ನಿಮಿಷ ತಡವಾಗಿದ್ದ ಗಾಡಿಯನ್ನು 23 ವರ್ಷದ ಡ್ರೈವರ್ ತಿರುವಿನಲ್ಲಿ ಮಿತಿಮೀರಿದ ವೇಗದಿಂದ ಓಡಿಸಿದ. ಅವನೂ 106 ಪ್ರಯಾಣಿಕರೂ ಸತ್ತರು. ತಡಮಾಡಿದ, ತಪ್ಪಿದ ಡ್ರೈವರುಗಳಿಗೆ ಅಲ್ಲಿ ಕೊಡುತ್ತಿದ್ದ ಅವಮಾನಕರ ‘ತರಬೇತಿ’ಯ ಭಯ ಅವನ ಬೆನ್ನ ಹಿಂದಿತ್ತೆಂದು ತನಿಖೆ ಬೆರಳು ಮಾಡಿತು. ನಮ್ಮಲ್ಲಿ ಉಪಾಯ ಬೇರೆ. ವೇಳೆಯನ್ನು ಕೊನೆಯ ಸ್ಟೇಷನ್ನಿನಲ್ಲಿ ನೋಡುತ್ತಾರೆ. ಅದಕ್ಕೆ ಮೊದಲು ವೇಳಾಪಟ್ಟಿಯಲ್ಲಿ ಧಾರಾಳ ಸಮಯ ಸೇರಿಸಿಡುತ್ತಾರೆ. ನಡುವಿನ ಸ್ಟೇಷನ್ನಿನಲ್ಲಿ ಪಾಳಿಗೆ ಹೊರಟು ಕಾದು ನಿಂತ ಕೂಲಿಕಾರನ ಗಂಟೆಗೆ ಯಾವ ಪುಸ್ತಕದಲ್ಲೂ ಕಲಂ ಇಲ್ಲ.

ದುಡಿಯುವವರ ಲೆಕ್ಕವೂ ಹಾಗೆಯೇ. 1990ರ ಹೊತ್ತಿಗೆ ರೈಲ್ವೆಯಲ್ಲಿ 16 ಲಕ್ಷಕ್ಕೂ ಹೆಚ್ಚು ನೌಕರರಿದ್ದರು. ಈಗ ಸುಮಾರು 12 ಲಕ್ಷ. ತಲಾ ನೌಕರನ ಸಾಗಣೆ ಏರಿತೆಂದು ಹಿಗ್ಗುವವರು, ಗುತ್ತಿಗೆದಾರನ ಕೈಕೆಳಗೆ ಬೋಗಿ ತೊಳೆಯುವವರನ್ನು ಆ ತಲೆಯೆಣಿಕೆಯಲ್ಲಿ ಸೇರಿಸುವುದಿಲ್ಲ. 1974ರ ಮೇ 8ರಿಂದ 27ರವರೆಗೆ ಮಂಗಳೂರಿನ ಮಗ ಜಾರ್ಜ್ ಫರ್ನಾಂಡಿಸರ ಮುಂದಾಳುತನದಲ್ಲಿ ರೈಲ್ವೆ ಕಾರ್ಮಿಕರು ಹೂಡಿದ ಮುಷ್ಕರದಲ್ಲಿ ಎಂಟು ಗಂಟೆಯ ದುಡಿಮೆಯೂ ಒಂದು ಬೇಡಿಕೆಯಾಗಿತ್ತು. ಇಂದಿಗೂ ಇಂಜಿನ್ ಡ್ರೈವರುಗಳು ವಿಶ್ರಾಂತಿಗಾಗಿ ಕೇಳುತ್ತಲೇ ಇದ್ದಾರೆ. ನಿದ್ದೆಗೆಟ್ಟ ಕಣ್ಣು ನಡೆಸುವ ಗಾಡಿಯನ್ನು ದಕ್ಷವೆನ್ನಲು ಯಾರಿಗೆ ಧೈರ್ಯ?

ಹಾಗಾದರೆ ನಷ್ಟವನ್ನು ಲೆಕ್ಕಿಸಬಾರದೇ ಎಂದು ಕೆಲವರು ಕೇಳಬಹುದು. ಖಂಡಿತ ಲೆಕ್ಕಿಸಬೇಕು, ಪೋಲಾಗುವುದು ನಮ್ಮದೇ ದುಡ್ಡು. ಆದರೆ ಟಿಕೇಟಿನಲ್ಲಿ ಕೊಟ್ಟ ರಿಯಾಯಿತಿ ಪೋಲಲ್ಲ. ಅದು ಬಡವನ ಪ್ರಯಾಣಕ್ಕೆ ಸಮಾಜ ಕೊಡುವ ಪಾಲು. ಅದನ್ನು ಬೇರೆ ಕಲಮಿನಲ್ಲಿ ಬರೆದು ಸರ್ಕಾರ ತನ್ನ ಬೊಕ್ಕಸದಿಂದ ತುಂಬಲಿ; ಉಳಿದುದಕ್ಕೆ ರೈಲ್ವೆ ಜವಾಬು ಹೇಳಲಿ. 2020ರ ಮಾರ್ಚಿಯಲ್ಲಿ ಹಿರಿಯ ನಾಗರಿಕರ ರಿಯಾಯಿತಿ ತೆಗೆದು ಗಳಿಸಿದ ಹಣವನ್ನು ದಕ್ಷತೆಯೆನ್ನುವುದು ಬೇಡ.

ನಮ್ಮ ಬೇಡಿಕೆ ಸರಳ. 2017ರಿಂದ ರೈಲ್ವೆಗೆ ಪ್ರತ್ಯೇಕ ಬಜೆಟ್ ಇಲ್ಲ. ಪಾರ್ಲಿಮೆಂಟಿನ ಚರ್ಚೆಯೂ ತೆಳುವಾಗಿದೆ. ಬದಲಿಸಬೇಕಾದ ಹಳಿ ಎಷ್ಟು, ಬದಲಿಸಿದ್ದೆಷ್ಟು. ಡ್ರೈವರಿಗೆ ದೊರೆತ ವಿಶ್ರಾಂತಿ ಎಷ್ಟು. ನಡುವಿನ ಸ್ಟೇಷನ್ನುಗಳಲ್ಲಿ ಗಾಡಿಯ ವೇಳೆ ಏನು. ರಿಸರ್ವೇಷನ್ ಇಲ್ಲದವರಿಗೆ ಸೀಟು ಎಷ್ಟು. ಸಣ್ಣ ವ್ಯಾಪಾರಿಯ ಸರಕು ಎಷ್ಟು ಸಾಗಿತು? ಈ ಐದು ಅಂಕಿಗಳನ್ನು ವಿಭಾಗವಾರು ಪ್ರತಿವರ್ಷ ಪ್ರಕಟಿಸಲಿ. ಅನುಪಾತವೂ ಅದರ ಪಕ್ಕದಲ್ಲಿರಲಿ. ಆಗ ರೈಲ್ವೆ ಹೇಗೆ ನಡೆಯುತ್ತಿದೆ ಎಂಬುದನ್ನು ಅದರಲ್ಲಿ ಹತ್ತುವವರೂ ಅದನ್ನು ನಡೆಸುವವರೂ ಕೂಡಿಯೇ ತೀರ್ಮಾನಿಸುತ್ತಾರೆ.