ಮುಖ ನಿಮ್ಮದೇ ಇರಲಿ ಸ್ವಾಮಿ!

ಬೊಮ್ಮನಹಳ್ಳಿಯಲ್ಲಿ ಸ್ಟುಡಿಯೋ ಇಟ್ಟ ನನಗೆ ಗಿರಾಕಿಗಳು ಎರಡೇ ಥರ. ಗಾರ್ಮೆಂಟ್ಸ್ ಗುರುತಿನ ಚೀಟಿಗೆ ಪಾಸ್‌ಪೋರ್ಟ್ ಸೈಜ್ ಕೇಳುವವರು. ಗಾಂಧಿನಗರದಲ್ಲಿ ತೋರಿಸೋಕೆ ಆಲ್ಬಂ ಬೇಕೆನ್ನುವವರು. ಈ ಎರಡನೆಯವರು ಬಂದವರೇ ಕತ್ತು ಓರೆ ಮಾಡಿ, "ಶಂಕರ್‌ನಾಗ್ ಥರ ತೆಗೀರಿ ಸಾರ್" ಅಂತಾರೆ.

ಅಲ್ರೀ, ಶಂಕರ್‌ನಾಗ್ ಯಾರ ಥರ ಇದ್ರು? 1978ರ 'ಒಂದಾನೊಂದು ಕಾಲದಲ್ಲಿ' ನಟರಾಗಿ ಅವರ ಮೊದಲ ಚಿತ್ರ. ಯಾರ ನಕಲೂ ಅಲ್ಲದ ಆ ಮುಖಕ್ಕೇ 1979ರ ದೆಹಲಿ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು!

ಹಿಂದೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮೊಡವೆ ಮುಚ್ಚುತ್ತಿದ್ದರು. ಈಗ ಫೋನೇ ಮುಖ ತಿಕ್ಕಿ ನುಣ್ಣಗೆ ಮಾಡುತ್ತೆ. ಮೊಡವೆ ನಾನೂ ತೆಗೀತೀನಿ, ವಾರದಲ್ಲಿ ಹೋಗೋದು ತಾನೆ? ಗಾಯದ ಕಲೆ, ಮೈಬಣ್ಣ ಮಾತ್ರ ಮುಟ್ಟೋಲ್ಲ. "ಬೆಳ್ಳಗೆ ಮಾಡದಿದ್ರೆ ದುಡ್ಡಿಲ್ಲ" ಅಂದ ಒಬ್ಬ. ದುಡ್ಡೇ ಬೇಡ ಅಂದೆ. ಫೋಟೋ ನೋಡಿ ಕರೆಸಿದ ನಿರ್ದೇಶಕರ ಬಾಗಿಲಲ್ಲಿ ಬೇರೊಬ್ಬ ನಿಂತರೆ, ಅವಮಾನ ಯಾರಿಗೆ?

ನನ್ನ ಕೆಲಸ ಇಷ್ಟೇ. ದೀಪ ಪಕ್ಕಕ್ಕೆ, ಕಣ್ಣಿಗಿಂತ ಕೊಂಚ ಮೇಲಕ್ಕೆ. ಆಮೇಲೆ ಅವರ ಊರಿನ ಮಾತು ತೆಗೀತೀನಿ. ಕ್ಯಾಮೆರಾ ಮರೆತು ನಗ್ತಾರಲ್ಲ, ಆಗ ಕ್ಲಿಕ್!

ಆಲ್ಬಂ ಮಾಡಿಸೋ ಗೆಳೆಯರೇ, ಬೇಕಾದ್ರೆ ಅಂಗಿ ಸಾಲ ತನ್ನಿ. ಮುಖ ಮಾತ್ರ ಸ್ವಂತದ್ದೇ ತನ್ನಿ.