ಮೂರು ಸಾವಿರ ಒಂಬತ್ತು ಸಾವಿರ ಆದಾಗ

“ಅಣ್ಣಾ, ಮೂರು ಸಾವಿರ ಹಾಕಿದ್ದೆ, ಒಂಬತ್ತು ಸಾವಿರ ಆಗೈತೆ. ಇನ್ನು ದೊಡ್ಡ ಟೇಬಲ್ಲಿಗೆ ಹೋಗಬಹುದಾ?”

ಊರಿಗೆ ಹೋದಾಗ ನಮ್ಮ ಬಳಗದ ಒಬ್ಬರಲ್ಲ ಒಬ್ಬರಿಗೆ ಇಂಥ ಪ್ರಶ್ನೆ ಎದುರಾಗುತ್ತದೆ. ಕೇಳುವವರು ದಡ್ಡರಲ್ಲ. ಡಿಗ್ರಿ ಮುಗಿಸಿ ಕೆಲಸಕ್ಕೆ ಕಾಯುತ್ತಿರುವವರು, ಮೊಬೈಲ್ ಅಂಗಡಿ ಇಟ್ಟವರು, ಡೈರಿಗೆ ಹಾಲು ಹಾಕಿ ಬಂದು ಬಿಡುವಾಗಿರುವವರು. ಯೂಟ್ಯೂಬ್ ನೋಡಿ ಪೋಕರ್ ಕಲಿತಿದ್ದಾರೆ. ‘ಬ್ಯಾಂಕ್‌ರೋಲ್’ ಎಂಬ ಮಾತು ಅವರ ಬಾಯಲ್ಲಿ ಸಲೀಸಾಗಿ ಬರುತ್ತದೆ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದು ನಮ್ಮ ದೇಶದ ದೊಡ್ಡ ಆ್ಯಪ್‌ಗಳು ದುಡ್ಡಿನ ಆಟ ನಿಲ್ಲಿಸಿದವು. ಪ್ರಶ್ನೆ ಮಾತ್ರ ನಿಂತಿಲ್ಲ. ಈಗ ಟೆಲಿಗ್ರಾಮ್‌ನಲ್ಲಿ ಬರುವ ಲಿಂಕ್ ಒತ್ತಿ ಹೊರದೇಶದ ಆ್ಯಪ್‌ನಲ್ಲಿ ಆಡುವವರಿದ್ದಾರೆ.

“ಜೂಜು ಕೆಟ್ಟದ್ದು, ಬಿಟ್ಟುಬಿಡಪ್ಪ” ಎಂದು ಹೇಳಿ ಎದ್ದು ಹೋಗುವುದು ಸುಲಭ. ಹಿರಿಯರು ಅದನ್ನೇ ಹೇಳುತ್ತಾ ಬಂದಿದ್ದಾರೆ, ಕೇಳಿದವರು ಎಷ್ಟು ಮಂದಿ? ಅದಕ್ಕೇ ನಾವು ಈ ಸಲ ಅವರದೇ ಲೆಕ್ಕವನ್ನು ಹಿಡಿದು ಕೂತೆವು. ಬ್ಯಾಂಕ್‌ರೋಲ್ ನಿಯಮ ಸುಳ್ಳಲ್ಲ, ಅದು ನಿಜವಾದ ಗಣಿತ. ನಮ್ಮ ತಕರಾರು ಬೇರೆ. ಆ ಗಣಿತವನ್ನು ಯಾರೂ ಕೊನೆಯವರೆಗೆ ಮಾಡುವುದಿಲ್ಲ.

ಮೊದಲು ಬ್ಯಾಂಕ್‌ರೋಲ್ ಎಂದರೆ ಏನು ನೋಡೋಣ. ಆಟಕ್ಕೆಂದೇ ಬೇರೆ ಎತ್ತಿಟ್ಟ ಹಣ ಅದು. ಪೂರ್ತಿ ಹೋದರೂ ಮನೆಯ ರೇಷನ್ನು, ಮಕ್ಕಳ ಫೀಸು, ಸಂಘದ ಕಂತು ಯಾವುದೂ ಅಲುಗಾಡಬಾರದು. ಬಿತ್ತನೆ ಬೀಜವನ್ನು ಊಟದ ಕಾಳಿನಿಂದ ಬೇರೆ ಇಡುತ್ತೇವಲ್ಲ, ಹಾಗೆ. ವ್ಯತ್ಯಾಸ ಇಷ್ಟೇ, ಬಿತ್ತನೆ ಬೀಜ ಹೋದರೆ ಮುಂದಿನ ವರ್ಷ ಕಷ್ಟ. ಬ್ಯಾಂಕ್‌ರೋಲ್ ಹೋದರೆ ಏನೂ ಆಗಬಾರದು. ಏನಾದರೂ ಆಗುತ್ತದೆ ಎಂದಾದರೆ ಅದು ಬ್ಯಾಂಕ್‌ರೋಲೇ ಅಲ್ಲ.

ಇನ್ನು ಟೇಬಲ್ಲಿನ ಲೆಕ್ಕ. ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕಬೇಕಾದ ಹಣಕ್ಕೆ ಬ್ಲೈಂಡ್ ಎನ್ನುತ್ತಾರೆ. ಒಬ್ಬ ಒಂದು ರೂಪಾಯಿ, ಇನ್ನೊಬ್ಬ ಎರಡು ರೂಪಾಯಿ ಹಾಕಿದರೆ ಅದು 1–2ರ ಟೇಬಲ್. ಕೂರುವಾಗ ದೊಡ್ಡ ಬ್ಲೈಂಡ್‌ನ ನೂರರಷ್ಟು ತರುವುದು ರೂಢಿ. ಅಂದರೆ 1–2ರ ಟೇಬಲ್ಲಿಗೆ 200 ರೂಪಾಯಿ, 2–5ಕ್ಕೆ 500, 5–10ಕ್ಕೆ 1,000. ಎಚ್ಚರದಿಂದ ಆಡುವವರು ಹೇಳುವ ನಿಯಮದ ಪ್ರಕಾರ ಹೀಗೆ ಕೂರಲು ಬೇಕಾದ ಮೊತ್ತದ 20ರಿಂದ 30 ಪಟ್ಟು ಕೈಯಲ್ಲಿರಬೇಕು. 30 ಪಟ್ಟಿನ ಲೆಕ್ಕಕ್ಕೆ 1–2ರ ಟೇಬಲ್ಲಿಗೆ 6,000, 2–5ಕ್ಕೆ 15,000, 5–10ಕ್ಕೆ 30,000. ಸಡಿಲವಾದ 20 ಪಟ್ಟು ಹಿಡಿದರೂ 2–5ರ ಟೇಬಲ್ಲಿಗೆ 10,000 ಬೇಕು.

ಆದ್ದರಿಂದ ಒಂಬತ್ತು ಸಾವಿರ ಇಟ್ಟುಕೊಂಡವನಿಗೆ ನಿಯಮದ ಉತ್ತರ: ಇನ್ನೂ ಇಲ್ಲ. ಅಷ್ಟೇ ಅಲ್ಲ, ಅವನು ಮೂರು ಸಾವಿರದಿಂದ ಶುರು ಮಾಡಿದ್ದೇ ನಿಯಮಕ್ಕೆ ಕಡಿಮೆ.

ಇಲ್ಲಿಗೆ ನಿಲ್ಲಿಸಿದರೆ ಅವನು “ಸರಿ, ಇನ್ನೊಂದು ಸಾವಿರ ಬರಲಿ” ಎಂದು ಹೋಗುತ್ತಾನೆ. ಅದಕ್ಕೇ ಮುಂದಿನ ಲೆಕ್ಕ. ಒಮ್ಮೆ ಎಲೆ ಹಂಚಿ ಆಟ ಮುಗಿದರೆ ಒಂದು ಕೈ ಎನ್ನೋಣ. ಒಂದೇ ಟೇಬಲ್ಲಿನಲ್ಲಿ ಗಂಟೆಗೆ 65 ಕೈ ನಡೆಯುತ್ತವೆ ಎಂದಿಟ್ಟುಕೊಳ್ಳಿ. ದಿನಕ್ಕೆ ಎರಡು ಗಂಟೆ, ತಿಂಗಳು ಪೂರ್ತಿ ಒಂದು ದಿನವೂ ಬಿಡದೆ ಆಡಿದರೆ 3,900 ಕೈ. ಕಂಪನಿಯ ಕಮಿಷನ್ ಕಳೆದು ನೂರು ಕೈಗೆ ಐದು ದೊಡ್ಡ ಬ್ಲೈಂಡ್ ಉಳಿಸುವವನು ನಿಜವಾಗಿಯೂ ಒಳ್ಳೆಯ ಆಟಗಾರ. ಪ್ರತಿ ಪಾಟ್‌ನಿಂದ ಸುಮಾರು ನೂರಕ್ಕೆ ಐದರಂತೆ ಕಂಪನಿ ಕತ್ತರಿಸಿಕೊಳ್ಳುವ ಆಟದಲ್ಲಿ ಹೆಚ್ಚಿನವರು ಕೊನೆಗೆ ನಷ್ಟದಲ್ಲೇ ಇರುತ್ತಾರೆ ಎಂಬುದನ್ನೂ ನೆನಪಿಡಿ. ಇರಲಿ, ನಮ್ಮ ಹುಡುಗ ಒಳ್ಳೆಯ ಆಟಗಾರನೇ ಎಂದುಕೊಳ್ಳೋಣ. 1–2ರ ಟೇಬಲ್ಲಿನಲ್ಲಿ ಅವನ ತಿಂಗಳ ಗಳಿಕೆ ಎಷ್ಟು?

390 ರೂಪಾಯಿ.

ತಿಂಗಳಿಗೆ ಅರವತ್ತು ಗಂಟೆ, 390 ರೂಪಾಯಿ. ಗಂಟೆಗೆ ಆರೂವರೆ ರೂಪಾಯಿ. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಬದು ಹಾಕಲು ಒಂದು ದಿನ ಹೋಗಿ ಬಂದರೆ ಸಿಗುವ ಹಣಕ್ಕೆ ಈತ ತಿಂಗಳಿಡೀ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಾನೆ. ಆಟ ಕಾನೂನಿನ ಒಳಗೆ ಇದ್ದಾಗಲೂ, 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ ನೂರಕ್ಕೆ 30 ತೆರಿಗೆ ಹಿಡಿದೇ ಕೊಡುತ್ತಿದ್ದರು. ಅದನ್ನು ಕಳೆದರೆ 273 ರೂಪಾಯಿ. ಆ ತೆರಿಗೆಯಲ್ಲಿ ಹೋದ ವರ್ಷದ ನಷ್ಟವನ್ನು ಈ ವರ್ಷದ ಗೆಲುವಿಗೆ ವಜಾ ಹಾಕಿಕೊಳ್ಳಲೂ ಬರುತ್ತಿರಲಿಲ್ಲ.

ಹಾಗಾದರೆ ಮೂರು ಸಾವಿರ ಒಂಬತ್ತು ಸಾವಿರ ಆದದ್ದು ಹೇಗೆ? ತಿಂಗಳಿಗೆ 390ರಂತೆ ಆರು ಸಾವಿರ ಗಳಿಸಲು ಹದಿನೈದು ತಿಂಗಳು ಬೇಕು. ಕೆಲವೇ ವಾರದಲ್ಲಿ ಆಗಿದೆ ಎಂದರೆ ಅದು 1–2ರ ಟೇಬಲ್ಲಿನಲ್ಲಿ ಕೂತು ಆದದ್ದಲ್ಲ. ನಡುವೆ ಎಲ್ಲೋ ಕೈ ಮೀರಿದ ಟೇಬಲ್ಲಿಗೆ ಹೋಗಿ ಗೆದ್ದು ಬಂದಿರಬೇಕು, ಇಲ್ಲವೇ ಯಾವುದೋ ಟೂರ್ನಮೆಂಟ್ ಹೊಡೆದಿರಬೇಕು. ಕೆದಕಿ ಕೇಳಿದರೆ ನಗುತ್ತಾ ಒಪ್ಪಿಕೊಳ್ಳುತ್ತಾರೆ. “ಮೇಲೆ ಹೋಗಬಹುದಾ” ಎಂದು ಕೇಳುವವನು ಆಗಲೇ ಮೇಲೆ ಹೋಗಿ ಬಂದಿರುತ್ತಾನೆ. ಅವನಿಗೆ ಬೇಕಾದದ್ದು ನಮ್ಮ ಕೈಯಿಂದ ಒಂದು ‘ಹೂಂ’.

ಅದೃಷ್ಟದ ಲೆಕ್ಕ ಇನ್ನೂ ವಿಚಿತ್ರ. ನೂರು ಕೈಗೆ ಐದು ಬ್ಲೈಂಡ್ ಗೆಲ್ಲುವವನಿಗೂ ಅದೇ ನೂರು ಕೈಯಲ್ಲಿ ಎಲೆಗಳ ಏರಿಳಿತ ಆಚೀಚೆ ನೂರು ಬ್ಲೈಂಡ್‌ನಷ್ಟು ಇರುತ್ತದೆ. ಇದನ್ನು ಹತ್ತು ಸಾವಿರ ಕೈಗೆ ಹಿಗ್ಗಿಸಿದರೆ ಬರಬೇಕಾದ ಗೆಲುವು 500 ಬ್ಲೈಂಡ್, ಏರಿಳಿತ 1,000 ಬ್ಲೈಂಡ್. ಹತ್ತು ಸಾವಿರ ಕೈ ಎಂದರೆ ನಮ್ಮ ಹುಡುಗನಿಗೆ ಎರಡೂವರೆ ತಿಂಗಳ ಆಟ. ಅಷ್ಟು ಆಡಿದ ಮೇಲೂ ಒಳ್ಳೆಯ ಆಟಗಾರರು ಹತ್ತು ಜನರಲ್ಲಿ ಮೂವರು ನಷ್ಟದಲ್ಲೇ ಇರುತ್ತಾರೆ.

ಇದನ್ನು ಕೇಳಿ ಎಲ್ಲರೂ “ನನಗೂ ಅದೃಷ್ಟ ಕೈಕೊಟ್ಟಿದೆ, ಆಟ ಚೆನ್ನಾಗೇ ಇದೆ” ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ನೂರು ಕೈಗೆ ಐದು ಬ್ಲೈಂಡ್ ಕಳೆದುಕೊಳ್ಳುವ ಕೆಟ್ಟ ಆಟಗಾರರಲ್ಲೂ ಹತ್ತಕ್ಕೆ ಮೂವರು ಎರಡೂವರೆ ತಿಂಗಳ ಕೊನೆಗೆ ಲಾಭದಲ್ಲಿರುತ್ತಾರೆ. ಫೋನಿನ ಪರದೆಯ ಮೇಲೆ ಇಬ್ಬರ ಮೊತ್ತವೂ ಒಂದೇ ಥರ ಕಾಣುತ್ತದೆ. “ನನಗೆ ಆಟ ಕೈ ಹತ್ತಿದೆ” ಎಂದು ದೊಡ್ಡ ಟೇಬಲ್ಲಿಗೆ ಹೋಗುವವರಲ್ಲಿ ಈ ಮೂವರೂ ಇದ್ದಾರೆ. ಅಲ್ಲಿ ಕೂತಿರುವವರು ಇವರಿಗಾಗಿಯೇ ಕಾಯುತ್ತಿರುತ್ತಾರೆ.

ಬ್ಯಾಂಕ್‌ರೋಲ್ ಪಾಠ ಹೇಳುವಾಗ ಎಲ್ಲರೂ ಉದಾಹರಿಸುವ ಹೆಸರು ಅಮೆರಿಕದ ಕ್ರಿಸ್ ಫರ್ಗುಸನ್. ಕಂಪ್ಯೂಟರ್ ಸೈನ್ಸ್‌ನಲ್ಲಿ ಡಾಕ್ಟರೇಟ್ ಪಡೆದವರು, 2000ನೇ ಇಸವಿಯಲ್ಲಿ ಪೋಕರ್ ವಿಶ್ವ ಸರಣಿಯ ಮುಖ್ಯ ಸ್ಪರ್ಧೆ ಗೆದ್ದವರು. 2006ರಲ್ಲಿ ಅವರು ಒಂದು ಪಣ ತೊಟ್ಟರು: ಕೈಯಿಂದ ಒಂದು ಪೈಸೆ ಹಾಕದೆ, ಸೊನ್ನೆಯಿಂದ ಶುರು ಮಾಡಿ ಹತ್ತು ಸಾವಿರ ಡಾಲರ್ ಮಾಡುವುದು. ಮಾಡಿಯೂ ತೋರಿಸಿದರು. ಯಾವ ಟೇಬಲ್ಲಿಗೂ ಇದ್ದ ಹಣದ ನೂರಕ್ಕೆ ಐದಕ್ಕಿಂತ ಹೆಚ್ಚು ತರುವಂತಿಲ್ಲ. ದೊಡ್ಡ ಟೂರ್ನಮೆಂಟ್‌ಗೆ ನೂರಕ್ಕೆ ಎರಡು ಮಾತ್ರ. ಗೆಲ್ಲುತ್ತಾ ಹೋಗಿ ಮುಂದಿರುವ ರಾಶಿ ಒಟ್ಟು ಹಣದ ಹತ್ತನೇ ಒಂದು ಪಾಲು ದಾಟಿದರೆ ಎದ್ದುಬಿಡಬೇಕು. ಸೋತು ಹಣ ಕಡಿಮೆಯಾದರೆ ನಿಯಮ ತಾನಾಗಿಯೇ ಚಿಕ್ಕ ಟೇಬಲ್ಲಿಗೆ ತಳ್ಳುತ್ತದೆ.

ನಿಯಮದ ಜೀವ ಇರುವುದು ಈ ಇಳಿಯುವುದರಲ್ಲಿ. ಏರುವ ಅರ್ಧವನ್ನು ಎಲ್ಲರೂ ಬಾಯಿಪಾಠ ಮಾಡಿದ್ದಾರೆ, ಇಳಿಯುವ ಅರ್ಧವನ್ನು ಹೇಳಿಕೊಡುವ ವಿಡಿಯೋ ಯಾರಿಗೂ ಬೇಡ. ನಿನ್ನೆ 1,000 ತಂದು ಕೂತವನು ಇವತ್ತು ಮತ್ತೆ 200ರ ಟೇಬಲ್ಲಿಗೆ ಹೋಗಬೇಕು. ಕಳೆದುಕೊಂಡದ್ದನ್ನು ಅಲ್ಲಿಂದ ಗಳಿಸಲು ಎಷ್ಟು ತಿಂಗಳು ಬೇಕೆಂದು ಮೇಲೆ ನೋಡಿದೆವು. ಆದ್ದರಿಂದ ಯಾರೂ ಇಳಿಯುವುದಿಲ್ಲ. ಗೆಳೆಯನ ಹತ್ತಿರ ಎರಡು ಸಾವಿರ ಕೈಗಡ, ಆಮೇಲೆ ಚಿನ್ನದ ಸಾಲ, ಆಮೇಲೆ ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಯ ಸಾಲ. ಹತ್ತು ಸಾವಿರಕ್ಕೆ ತಿಂಗಳಿಗೆ 500 ರೂಪಾಯಿ ಬಡ್ಡಿ. ಒಳ್ಳೆಯ ಆಟಗಾರನೇ ಗಳಿಸುವುದು 390!

ಫರ್ಗುಸನ್‌ಗೆ ಇಳಿಯುವುದು ಕಷ್ಟವಾಗಲಿಲ್ಲ. ತಿಂಗಳುಗಟ್ಟಲೆ ಆಡಿದರೂ ಖಾತೆಯಲ್ಲಿ ಕೆಲವೇ ಡಾಲರ್ ಇದ್ದವು, ಆದರೂ ಅವರ ಮನೆಯ ಒಲೆ ಅದರಿಂದ ಉರಿಯಬೇಕಿರಲಿಲ್ಲ. ಹತ್ತು ಸಾವಿರ ಮುಟ್ಟಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ವಿಶ್ವ ಚಾಂಪಿಯನ್‌ಗೇ ಇಷ್ಟು ಕಾಲ.

ಈ ಕತೆಯ ಎರಡನೇ ಭಾಗವನ್ನು ಪಾಠ ಹೇಳುವವರು ಬಿಟ್ಟುಬಿಡುತ್ತಾರೆ. ಫರ್ಗುಸನ್ ಆ ಪಣ ಗೆದ್ದದ್ದು ಫುಲ್ ಟಿಲ್ಟ್ ಪೋಕರ್ ಎಂಬ ಜಾಲತಾಣದಲ್ಲಿ. ಅದರ ಸ್ಥಾಪಕರಲ್ಲಿ, ನಿರ್ದೇಶಕರಲ್ಲಿ ಅವರೂ ಒಬ್ಬರು. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ಆ ತಾಣದ ಮೇಲೆ ಕ್ರಮ ಕೈಗೊಂಡಿತು. ಸೆಪ್ಟೆಂಬರ್‌ನಲ್ಲಿ ಸರ್ಕಾರಿ ವಕೀಲರು ಕೋರ್ಟಿಗೆ ಹೇಳಿದ್ದು ಹೀಗೆ: ಆಟಗಾರರಿಗೆ ಕೊಡಬೇಕಾದದ್ದು ಸುಮಾರು 39 ಕೋಟಿ ಡಾಲರ್, ಮಾರ್ಚ್ ಕೊನೆಗೆ ಬ್ಯಾಂಕಿನಲ್ಲಿದ್ದದ್ದು ಸುಮಾರು 6 ಕೋಟಿ. ಫರ್ಗುಸನ್ ಮೇಲಿನ ಸಿವಿಲ್ ದಾವೆ 2013ರಲ್ಲಿ ತಪ್ಪೊಪ್ಪಿಗೆ ಇಲ್ಲದೆ ರಾಜಿಯಾಯಿತು. ಇನ್ನೊಂದು ದೊಡ್ಡ ಕಂಪನಿ ಅದನ್ನು ವಹಿಸಿಕೊಂಡ ಮೇಲೆ ಹಣ ವಾಪಸಾಯಿತು, ಆದರೆ ಅಮೆರಿಕದ ಆಟಗಾರರ ಕೈಗೆ ಬರಲು ಶುರುವಾದದ್ದು 2014ರಲ್ಲಿ. ನೂರಕ್ಕೆ ಐದರ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದವನ ಹಣವೂ ಆ ಮೂರು ವರ್ಷ ಸಿಕ್ಕಿಕೊಂಡಿತ್ತು. ಅದು ಸರ್ಕಾರ, ಕೋರ್ಟು, ದೊಡ್ಡ ಕಂಪನಿ ಎಲ್ಲವೂ ಇದ್ದ ಪ್ರಕರಣ.

ಈಗ ನಮ್ಮಲ್ಲಿಗೆ ಬನ್ನಿ. ಪೋಕರ್ ಕೌಶಲದ ಆಟ ಎಂದು 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತ್ತು, ಆನ್‌ಲೈನ್ ಆಟ ತಡೆಯಲು ರಾಜ್ಯ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ರದ್ದು ಮಾಡಿತ್ತು. ಆಡುವವರು ಈಗಲೂ ಅದನ್ನೇ ಹೇಳುತ್ತಾರೆ. 2025ರ ಕೇಂದ್ರ ಕಾಯ್ದೆ ಕೌಶಲವೋ ಅದೃಷ್ಟವೋ ಎಂದು ಕೇಳುವುದೇ ಇಲ್ಲ, ದುಡ್ಡು ಕಟ್ಟಿ ದುಡ್ಡು ನಿರೀಕ್ಷಿಸುವ ಆನ್‌ಲೈನ್ ಆಟವಾದರೆ ಸಾಕು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡುವವನಿಗೆ ಅದರಲ್ಲಿ ಶಿಕ್ಷೆ ಇಲ್ಲ. ಕಾಯ್ದೆಯನ್ನು ಪ್ರಶ್ನಿಸಿದ ಕಂಪನಿಗಳ ವಾದ ಸರಿಯೋ ತಪ್ಪೋ ಎಂಬುದು ಕೋರ್ಟಿನ ವಿಷಯ, ನಮ್ಮ ಬಳಗದಲ್ಲೇ ಎರಡು ಅಭಿಪ್ರಾಯ ಇದೆ. ಟೆಲಿಗ್ರಾಮ್ ಲಿಂಕ್ ವಿಷಯದಲ್ಲಿ ಮಾತ್ರ ಎರಡು ಅಭಿಪ್ರಾಯ ಇಲ್ಲ. ಯಾರದೋ ಯುಪಿಐ ಖಾತೆಗೆ ಹಣ ಹಾಕುತ್ತೀರಿ, ಇನ್ಯಾರದೋ ಖಾತೆಯಿಂದ ಗೆಲುವು ಬರುತ್ತದೆ. ಆ ಖಾತೆ ವಂಚನೆ ದೂರಿನಲ್ಲಿ ಸಿಕ್ಕಿದರೆ ನಿಮ್ಮ ಖಾತೆಯನ್ನೂ ಬ್ಯಾಂಕಿನವರು ತಡೆಹಿಡಿಯಬಹುದು. ಹಾಲಿನ ಬಿಲ್ಲು ಬರುವುದೂ ಅದೇ ಖಾತೆಗೆ.

ಒಂಬತ್ತು ಸಾವಿರ ಇರುವ ತಮ್ಮನಿಗೆ ನಮ್ಮ ಉತ್ತರ ಇದು: ದೊಡ್ಡ ಟೇಬಲ್ಲೂ ಬೇಡ, ಚಿಕ್ಕದೂ ಬೇಡ. ಇವತ್ತೇ ಪೂರ್ತಿ ಒಂಬತ್ತು ಸಾವಿರವನ್ನೂ ವಾಪಸ್ ತೆಗೆಯಲು ನೋಡು. ಬಂದರೆ ಒಳ್ಳೆಯದು, ಆ್ಯಪ್ ಅಳಿಸಿಬಿಡು. “ಮೊದಲು ತೆರಿಗೆ ಕಟ್ಟಿ, ಆಮೇಲೆ ಹಣ ಬಿಡುತ್ತೇವೆ” ಎಂದರೆ ಒಂದು ರೂಪಾಯಿಯನ್ನೂ ಕಟ್ಟಬೇಡ. ತೆರಿಗೆಯನ್ನು ಗೆಲುವಿನಲ್ಲೇ ಹಿಡಿದುಕೊಳ್ಳುತ್ತಾರೆ, ಮುಂಗಡ ಕೇಳುವುದಿಲ್ಲ. ಸ್ಕ್ರೀನ್‌ಶಾಟ್, ಯುಪಿಐ ನಂಬರ್ ಎಲ್ಲ ತೆಗೆದಿಟ್ಟುಕೊಂಡು ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡು. ಹಣ ಆಗಲೇ ಹೋಗಿ ರಾತ್ರಿ ನಿದ್ದೆ ಬರುತ್ತಿಲ್ಲ, ಮನೆಯಲ್ಲಿ ಹೇಳಲು ಭಯ ಎನ್ನುವವರು ಟೆಲಿ ಮಾನಸ್ 14416ಕ್ಕೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ತೆಗೆದುಕೊಳ್ಳುವುದಿಲ್ಲ, ರಾತ್ರಿ ಎರಡು ಗಂಟೆಗೆ ಮಾಡಿದರೂ ಎತ್ತುತ್ತಾರೆ.