ಕಡಲೊಳಗಿನ ಗುಡಿ

ನಮ್ಮ ಮಠದ ಭಕ್ತಕುಟುಂಬವೊಂದು ಬಹುಕಾಲದಿಂದ ಅಮೆರಿಕೆಯಲ್ಲಿ ನೆಲೆಸಿದೆ. ಆ ಮನೆಯ ಯಜಮಾನರಿಗೆ ಹಾಯಿದೋಣಿಯ ಹವ್ಯಾಸ. ಅವರ ಒತ್ತಾಯಕ್ಕೆ ಕಟ್ಟುಬಿದ್ದು ಕೆರೀಬಿಯನ್ ಕಡಲಿನಲ್ಲಿ ಕೆಲವು ದಿನ ಸಂಚರಿಸಿದೆವು. ದೋಣಿ ಓಲಾಡುತ್ತಿರುವಾಗ ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ದೃಷ್ಟಿ ನಿಲ್ಲಿಸುವುದು ಎಷ್ಟು ಕಷ್ಟವೆಂಬುದನ್ನು ಅರವತ್ತು ದಾಟಿದ ಮೇಲೆ ಕಲಿತೆವು. ಆ ಮಾತು ಇನ್ನೊಮ್ಮೆ. ಇಂದು ಹೇಳಬೇಕಾದುದು ಟ್ರಿನಿಡಾಡ್ ದ್ವೀಪದಲ್ಲಿ ಕಾರಿನಲ್ಲಿ ತಿರುಗಿದ ಒಂದು ದಿನದ ಸಂಗತಿ.

ಗ್ರೆನಡಾದಿಂದ ರಾತ್ರಿಯಿಡೀ ಪಯಣಿಸಿ ಚಾಗುವರಾಮಸ್‌ನಲ್ಲಿ ಲಂಗರು ಹಾಕಿದೆವು. ಯಜಮಾನರು ಹಾಯಿಯ ದುರಸ್ತಿಗೆ ನಿಂತರು. ಅವರ ಮಗಳು ಬಾಡಿಗೆಯ ಕಾರು ತಂದಳು. ಅಲ್ಲಿಯೂ ನಮ್ಮಲ್ಲಿಯಂತೆ ರಸ್ತೆಯ ಎಡಬದಿಯ ಸಂಚಾರ. ಅಮೆರಿಕೆಯ ರೂಢಿಯ ಆ ಹುಡುಗಿ ಮೊದಲ ತಿರುವಿನಲ್ಲಿಯೇ ಬಲಕ್ಕೆ ಹೊರಳಿಸಲು, ‘ಎಡಕ್ಕೆ ತಾಯಿ, ಎಡಕ್ಕೆ’ ಎಂದು ನಾವು ಕೂಗಬೇಕಾಯಿತು.

ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನತ್ತ ಸಾಗುವಾಗ ಬಲಗಡೆಯ ಕಡಲಿನಲ್ಲಿ ಸಣ್ಣ ನಡುಗಡ್ಡೆಗಳು ಕಾಣುತ್ತವೆ. ಅವುಗಳಲ್ಲಿ ನೆಲ್ಸನ್ ದ್ವೀಪವೂ ಒಂದು. 1866ರಿಂದ, ಭಾರತದಿಂದ ಬಂದ ಕೂಲಿಕಾರರನ್ನು ಮೊದಲು ಅಲ್ಲಿಳಿಸಿ, ರೋಗರುಜಿನ ಪರೀಕ್ಷಿಸಿ, ಬಳಿಕ ಕಬ್ಬಿನ ತೋಟಗಳಿಗೆ ಹಂಚುತ್ತಿದ್ದರು. ಮೊದಲ ಹಡಗು ‘ಫತೇಲ್ ರಜಾಕ್’ ಕಲ್ಕತ್ತೆಯಿಂದ ಹೊರಟು 1845ರ ಮೇ 30ರಂದು ಈ ದ್ವೀಪವನ್ನು ಮುಟ್ಟಿತು. 1917ರ ಹೊತ್ತಿಗೆ ಹೀಗೆ ಬಂದವರ ಸಂಖ್ಯೆ 1,40,000ವನ್ನು ಮೀರಿತ್ತು. ನಾವು ಹಾಯಿಯಲ್ಲಿ ವಿಹಾರಕ್ಕೆ ಬಂದ ಕಡಲಿಗೇ ಅವರು ಐದು ವರ್ಷದ ಕರಾರಿಗೆ ಹೆಬ್ಬೆಟ್ಟೊತ್ತಿ ಬಂದಿದ್ದರು.

ದಕ್ಷಿಣಕ್ಕೆ ಹೊರಳಿದರೆ ಕರೋನಿಯ ಬಯಲು. ಸಕ್ಕರೆ ಕಂಪನಿ 2003ರಲ್ಲಿ ಮುಚ್ಚಿತು. ಮನೆಗಳ ಮುಂದೆ ಬಿದಿರುಗಳಕ್ಕೆ ಕಟ್ಟಿದ ಬಣ್ಣದ ಧ್ವಜಗಳು ಹಾರುತ್ತಿದ್ದವು. ದಾರಿಯಲ್ಲಿ ‘ಡಬಲ್ಸ್’ ತಿಂದೆವು: ಎರಡು ಮೆತ್ತನೆಯ ಕರಿದ ರೊಟ್ಟಿ, ನಡುವೆ ಕಡಲೆಯ ಪಲ್ಯ. ಖಾರ ಮಾತ್ರ ನಮ್ಮ ಬ್ಯಾಡಗಿಯನ್ನು ನಾಚಿಸುವಂಥದು. ಕರಾಪಿಚೈಮಾದಲ್ಲಿ ಮೈಸೂರಿನ ಶ್ರೀ ಗಣಪತಿ ಸಚ್ಚಿದಾನಂದ ಸ್ವಾಮಿಗಳ ಆಶ್ರಮದವರು ನಿಲ್ಲಿಸಿದ 85 ಅಡಿಯ ಹನುಮಂತನನ್ನು ಹುಡುಗಿ ಚಿತ್ರ ತೆಗೆದುಕೊಂಡಳು. ನಾವು ಹೊರಟಿದ್ದುದು ಅದರಾಚೆಯ ವಾಟರ್‌ಲೂ ಎಂಬ ಕಡಲತಡಿಗೆ.

ಶಿವದಾಸ ಸಾಧು ಎಂಬ ಕೂಲಿಕಾರ ಅಲ್ಲಿ ಕಂಪನಿಯ ನೆಲದಲ್ಲಿ ಚಿಕ್ಕ ಗುಡಿಯೊಂದನ್ನು ಕಟ್ಟಿದ್ದ. ಕೆಡವೆಂದರೆ ಕೆಡವಲಿಲ್ಲ. 1952ರಲ್ಲಿ ಗುಡಿಯನ್ನು ನೆಲಸಮ ಮಾಡಿ ಆತನನ್ನು ಹದಿನಾಲ್ಕು ದಿನ ಸೆರೆಯಲ್ಲಿಟ್ಟರು. ಹೊರಬಂದವನು ಯೋಚಿಸಿದ್ದಿಷ್ಟೆ: ನೆಲಕ್ಕೆ ಒಡೆಯರಿದ್ದಾರೆ, ಕಡಲಿಗೆ ಯಾರಿದ್ದಾರೆ? ನೀರು ಇಳಿದಾಗಲೆಲ್ಲ ಸೈಕಲ್ಲಿನ ಮೇಲೆ ಕಲ್ಲುಮಣ್ಣು ಹೊತ್ತು ಕಡಲೊಳಗೆ ಸುರಿದ. ಜನ ಹುಚ್ಚನೆಂದರು. ಹಲವು ವರ್ಷಗಳ ತರುವಾಯ ಗುಡಿ ಎದ್ದಿತು. ಅಲೆಗಳಿಂದ ಶಿಥಿಲಗೊಂಡ ಅದನ್ನು, ಭಾರತೀಯರು ಬಂದು 150 ವರ್ಷ ತುಂಬಿದ 1995ರಲ್ಲಿ, ಸರ್ಕಾರವೇ ಪುನರ್ನಿರ್ಮಿಸಿತು.

ದಡದಿಂದ ಗುಡಿಯವರೆಗೆ ಕಾಲುದಾರಿಯಿದೆ. ಅದರಲ್ಲಿ ನಡೆಯುತ್ತಿರುವಾಗ ನಮಗರಿಯದೆಯೇ ನಮ್ಮ ಕೈಗಳು ಜೋಡಿದವು.

“ಅಜ್ಜಾರ, ಸ್ಥಾವರ ಬ್ಯಾಡ ಅಂತ ನೀವ ಪಾಠ ಹೇಳ್ತೀರಿ. ಇಲ್ಲ್ಯಾಕ ಕೈ ಮುಗಿದ್ರಿ?” ಎಂದಳು ಹುಡುಗಿ.

“ಗುಡಿಗಲ್ಲ ತಾಯಿ, ಕಲ್ಲು ಹೊತ್ತವನ ಕಾಯಕಕ್ಕೆ” ಎಂದೆವು.

“ಅವರ ಮೂರ್ತಿ ಹಿಂದ ದಂಡಿ ಮ್ಯಾಲ ಐತಿ. ನೀವು ಮುಗಿದದ್ದು ಗುಡಿ ಕಡೆ. ಅವರು ಕಲ್ಲು ಹೊತ್ತದ್ದೂ ಗುಡಿ ಸಲುವಾಗಿನ ಅಲ್ಲೇನ್ರಿ?”

ನಾಲ್ಕು ದಶಕ ಪ್ರವಚನ ಮಾಡಿದ ನಮ್ಮ ಬಾಯಿ ಕಟ್ಟಿತು. ದೇಹವೇ ದೇಗುಲವೆಂಬ ಶರಣರ ನಿಲುವಿನಲ್ಲಿ ನಮಗೆ ಸಂಶಯವಿಲ್ಲ. ಆದರೆ ಆ ದೇಹವನ್ನೇ ಕರಾರಿಗೆ ಬರೆದುಕೊಟ್ಟು ಬಂದ ಕುಲದವನೊಬ್ಬ, ತನ್ನದೆಂದು ಹೇಳಿಕೊಳ್ಳಲು ಅಂಗೈಯಗಲ ನೆಲವಿಲ್ಲದೆ ನೀರಿನಲ್ಲಿ ಹುಡುಕಿದ್ದನ್ನು ಸ್ಥಾವರವೆಂದು ಬದಿಗಿಡಬಹುದೇ? ಸಂಜೆ ದೋಣಿಗೆ ಮರಳಿ ಪೂಜೆಗೆ ಕುಳಿತಾಗಲೂ ಬಗೆಹರಿಯಲಿಲ್ಲ. ನಮಗೆ ಪಾಠ ಹೇಳಿದ ಗುರುಗಳು ಲಿಂಗೈಕ್ಯರಾಗಿದ್ದಾರೆ; ಇಲ್ಲವಾದರೆ ಅವರನ್ನೇ ಕೇಳುತ್ತಿದ್ದೆವು. ಬಲ್ಲ ಓದುಗರು ಪತ್ರ ಬರೆದರೆ ಆ ಹುಡುಗಿಗೂ ಕಳುಹಿಸಿಕೊಡುತ್ತೇವೆ.